ಹೊಲದ ಬದುವಿಗೆ ಕ್ಯಾಮೆರಾ ಕಟ್ಟುವ ಮುನ್ನ

ಈ ತಿಂಗಳ ಪಾಠ – ಸಂಘದ ಸಭೆಯಲ್ಲಿ ಓದಿ ಚರ್ಚಿಸಲು



ಹುಲ್ಲಹಳ್ಳಿ ಸುತ್ತಮುತ್ತಲ ಯಾವ ಸಂಘದಲ್ಲಾದರೂ ಹೀಗೊಂದು ಮಾತುಕತೆ ನಡೆಯಬಹುದು. ಉಳಿತಾಯ ಕಟ್ಟಿ ಆಗಿದೆ, ನಡವಳಿ ಪುಸ್ತಕ ತೆರೆದಿದೆ, ಸಾಲದ ಅರ್ಜಿ ಕೇಳುವ ಹೊತ್ತು.

“ಅಕ್ಕಾ, ನಂಗೆ ಸಂಘದಿಂದ ಎಂಟು ಸಾವ್ರ ಸಾಲ ಬೇಕಾಗಿತ್ತು.”

“ಯಾತಕ್ಕವ್ವ? ಬಿತ್ತನೆಗಾ?”

“ಬಿತ್ತನೆ ಆಗೋಯ್ತು ಕಣಕ್ಕ. ಹುಟ್ಟಿದ್ ಅಲಸಂದೆ, ಹುರುಳಿ ಎಲ್ಲಾವ ಜಿಂಕೆ ತಿಂದಾಕ್ಬುಟ್ಟವೆ. ನಮ್ಮ ಹೈದ ಮೊಬೈಲ್‌ನಲ್ಲಿ ನೋಡವ್ನೆ. ಅದ್ಯಾವ್ದೋ ಕ್ಯಾಮೆರಾ ಅಂತೆ. ಬದಿನ್ ಮರಕ್ಕೆ ಕಟ್ಬುಟ್ರೆ ಯಾವ ಹೊತ್ನಲ್ಲಿ, ಯಾವ ದಾರೀಲಿ ಬತ್ತವೆ ಅಂತ ತಾನೇ ಪೋಟೋ ತೆಗೀತದಂತೆ. ಆಮೇಕೆ ಅಲ್ಲೇ ಉರುಳು ಹಾಕಿದ್ರೆ ಬೆಳೆನೂ ಉಳೀತದೆ, ನಾಕ್ ಜನಕ್ಕೆ ಬಾಡೂ ಆಯ್ತದೆ ಅಂತಾನೆ.”

ಸಭೆಯಲ್ಲಿ ಒಂದಿಬ್ಬರು ನಗುತ್ತಾರೆ. ಒಂದಿಬ್ಬರು, “ನಮ್ಮ ಹೊಲಕ್ಕೂ ಒಂದು ಕಟ್ಟಿಸವ್ವ” ಅನ್ನುತ್ತಾರೆ. ಸಾಲ ಕೊಡಬೇಕೋ ಬೇಡವೋ ಎಂದು ಪ್ರತಿನಿಧಿ ಎಲ್ಲರ ಮುಖ ನೋಡುತ್ತಾರೆ.

ನಿಮ್ಮ ಸಂಘದಲ್ಲಿ ಈ ಅರ್ಜಿ ಬಂದರೆ ನೀವೇನು ಹೇಳುತ್ತೀರಿ? ಉತ್ತರ ಹೇಳುವ ಮುಂಚೆ ಕ್ಯಾಮೆರಾ, ಕಾನೂನು, ಬೆಳೆ ನಷ್ಟ, ಮತ್ತು ಹೊಲಕ್ಕೆ ಹೋಗಿ ಬರುವ ನಮ್ಮ ಹೆಣ್ಣುಮಕ್ಕಳ ಮಾನ, ಈ ನಾಲ್ಕನ್ನೂ ಸ್ವಲ್ಪ ತಿಳಿದುಕೊಳ್ಳೋಣ.

ಈ ಕ್ಯಾಮೆರಾ ಅಂದರೆ ಏನು?

ಇದು ಮದುವೆ ಮನೆಯ ಕ್ಯಾಮೆರಾದಂತಲ್ಲ. ಇದರ ಹಿಂದೆ ಯಾರೂ ನಿಂತಿರುವುದಿಲ್ಲ. ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಡಬ್ಬಿ. ಅದನ್ನು ಪಟ್ಟಿಯಿಂದ ಮರಕ್ಕೋ ಗೂಟಕ್ಕೋ ಬಿಗಿಯುತ್ತಾರೆ. ಒಳಗೆ ಬ್ಯಾಟರಿ ಸೆಲ್ಲು, ಚಿತ್ರ ಉಳಿಯಲು ಮೆಮೊರಿ ಕಾರ್ಡು. ಮುಂಭಾಗದಲ್ಲಿ ಶಾಖವನ್ನು ಗುರುತಿಸುವ ಒಂದು ಸಾಧನ. ಮೈ ಬಿಸಿ ಇರುವ ಯಾವುದೇ ಜೀವ ಎದುರಿಗೆ ಅಲುಗಾಡಿದರೆ ಅದು ಗೊತ್ತು ಹಚ್ಚಿ ಚಿತ್ರ ತೆಗೆಯುತ್ತದೆ. ರಾತ್ರಿ ನಮ್ಮ ಕಣ್ಣಿಗೆ ಸರಿಯಾಗಿ ಕಾಣದ ಬೆಳಕಿನಲ್ಲಿ ಚಿತ್ರ ತೆಗೆಯುವುದರಿಂದ ಅದು ಕಪ್ಪು ಬಿಳುಪಾಗಿ ಬರುತ್ತದೆ. ಚಿತ್ರದ ಕೆಳಗೆ ದಿನಾಂಕ, ಗಂಟೆ ಬಿದ್ದಿರುತ್ತದೆ.

ಇಲ್ಲಿ ಒಂದು ಮಾತು ನೆನಪಿಡಿ. ಈ ಡಬ್ಬಿಗೆ ಜಿಂಕೆ ಯಾವುದು, ಹಂದಿ ಯಾವುದು, ಮನುಷ್ಯರು ಯಾರು ಎಂಬ ಭೇದ ಇಲ್ಲ. ಬಿಸಿ ಮೈ ಅಲುಗಾಡಿದರೆ ಸಾಕು. ಬೆಳಗಿನ ಜಾವ ಚೊಂಬು ಹಿಡಿದು ಹೋದ ಹೆಣ್ಣುಮಗಳ ಚಿತ್ರವೂ ಅದರಲ್ಲಿ ಬೀಳುತ್ತದೆ. ಈ ವಿಚಾರಕ್ಕೆ ಆಮೇಲೆ ಬರೋಣ.

ನಮ್ಮ ಕಾಡಿನಲ್ಲಿ, ನಮ್ಮ ಹೊಲದಲ್ಲಿ

ಈ ಕ್ಯಾಮೆರಾ ನಮ್ಮ ಜಿಲ್ಲೆಗೆ ಹೊಸದಲ್ಲ. 1990ರ ದಶಕದ ಮೊದಲಲ್ಲೇ ಡಾ. ಉಲ್ಲಾಸ್ ಕಾರಂತರು ನಾಗರಹೊಳೆಯಲ್ಲಿ ಇಂಥ ಕ್ಯಾಮೆರಾ ಇಟ್ಟು ಹುಲಿ ಎಣಿಸುವ ವಿಧಾನವನ್ನು ಬೆಳೆಸಿದರು. ನಮ್ಮ ಹೆಬ್ಬೆಟ್ಟಿನ ಗುರುತು ಒಬ್ಬರದು ಇನ್ನೊಬ್ಬರಿಗೆ ಹೇಗೆ ಹೋಲುವುದಿಲ್ಲವೋ ಹಾಗೆ ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಹೋಲುವುದಿಲ್ಲ. ಚಿತ್ರ ನೋಡಿದರೆ ಇದು ಬೇರೆ, ಅದು ಬೇರೆ ಎಂದು ಹೇಳಬಹುದು. 2018ರಲ್ಲಿ ದೇಶದ ಹುಲಿ ಗಣತಿಗೆ 26,838 ಜಾಗಗಳಲ್ಲಿ ಕ್ಯಾಮೆರಾ ಇಟ್ಟಿದ್ದರು. ಅದು ಗಿನ್ನೆಸ್ ದಾಖಲೆಗೆ ಸೇರಿತು. 2022ರ ಗಣತಿಯಲ್ಲಿ ಕರ್ನಾಟಕದಲ್ಲಿ 563 ಹುಲಿಗಳು, ನಮ್ಮ ಬಂಡೀಪುರದಲ್ಲೇ 150 ಹುಲಿಗಳು ಎಂದು ಲೆಕ್ಕ ಸಿಕ್ಕಿತು.

ಕಾಡಿನಲ್ಲಿ ಮಾತ್ರವಲ್ಲ, ಹೊಲದಲ್ಲೂ ಕ್ಯಾಮೆರಾ ಬಂದಿದೆ. ತಿ. ನರಸೀಪುರ ತಾಲ್ಲೂಕಿನವರು ಇದನ್ನು ಮರೆತಿರಲಾರರು. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿವರೆಗೆ, ಮೂರು ತಿಂಗಳೊಳಗೆ, ಆ ತಾಲ್ಲೂಕಿನಲ್ಲಿ ನಾಲ್ಕು ಜನ ಚಿರತೆಗೆ ಬಲಿಯಾದರು. ಅವರಲ್ಲಿ ಓದುವ ಹುಡುಗ ಹುಡುಗಿಯರೂ ಇದ್ದರು. ಎಸ್. ಕೆಬ್ಬೆಹುಂಡಿ, ಹೊರಳಹಳ್ಳಿಯ ಕಡೆ ಜನ ಸಂಜೆ ಆರು ಗಂಟೆಗೇ ಬಾಗಿಲು ಹಾಕಿಕೊಳ್ಳುತ್ತಿದ್ದರು. ಆಗ ಅರಣ್ಯ ಇಲಾಖೆಯವರು ಕಬ್ಬಿನ ಗದ್ದೆ ಬದಿಯಲ್ಲಿ, ಬೆಟ್ಟದ ತಪ್ಪಲಲ್ಲಿ ಕ್ಯಾಮೆರಾ ಕಟ್ಟಿ, ಬೋನು ಇಟ್ಟು ಚಿರತೆ ಹುಡುಕಿದರು.

ನಮ್ಮ ನಂಜನಗೂಡು ತಾಲ್ಲೂಕಿನಲ್ಲಿ, ಹೆಡಿಯಾಲದ ಕಡೆಯ ಬಳ್ಳೂರುಹುಂಡಿಯಲ್ಲಿ, 2023ರ ನವೆಂಬರ್‌ನಲ್ಲಿ ದನ ಕಾಯುತ್ತಿದ್ದ ಮಹಿಳೆಯೊಬ್ಬರು ಹುಲಿಯ ಬಾಯಿಗೆ ಸಿಕ್ಕಿ ತೀರಿಕೊಂಡರು. ಆಗಲೂ ಕ್ಯಾಮೆರಾ ಇಟ್ಟು ಹುಲಿಯ ಜಾಡು ಹಿಡಿದು, ಅದೇ ತಿಂಗಳ ಕೊನೆಯ ವಾರದಲ್ಲಿ ಸೆರೆ ಹಿಡಿದರು.

ಹಾಗಾಗಿ ಕ್ಯಾಮೆರಾವೇ ಕೆಟ್ಟದ್ದು ಎಂದು ಹೇಳುವಂತಿಲ್ಲ. ಕುಡುಗೋಲು ಇದ್ದಂತೆ. ಪೈರು ಕೊಯ್ಯುವುದಕ್ಕೂ ಅದೇ, ಕೈ ಕೊಯ್ದುಕೊಳ್ಳುವುದಕ್ಕೂ ಅದೇ.

ಅಮೆರಿಕದ ವಿಡಿಯೊ, ನಮ್ಮ ಕಾನೂನು

ಹುಡುಗರು ಮೊಬೈಲ್‌ನಲ್ಲಿ ನೋಡುವ ವಿಡಿಯೊಗಳು ಹೆಚ್ಚಾಗಿ ಅಮೆರಿಕದವು. ಅಲ್ಲಿ ಜೋಳ, ಸೋಯಾ ಹೊಲಗಳ ಅಂಚಿನಲ್ಲಿ ಬೇಟೆಗಾರರು ಕ್ಯಾಮೆರಾ ಕಟ್ಟಿ ಜಿಂಕೆ ಬರುವ ದಾರಿ, ಹೊತ್ತು ತಿಳಿದುಕೊಳ್ಳುತ್ತಾರೆ. ಅಲ್ಲಿ ಸರ್ಕಾರ ಪರವಾನಗಿ ಕೊಟ್ಟು, ಇಂಥ ತಿಂಗಳು ಮಾತ್ರ, ಇಷ್ಟೇ ಜಿಂಕೆ ಎಂದು ಲೆಕ್ಕ ಇಟ್ಟು ಬೇಟೆಗೆ ಬಿಡುತ್ತದೆ. ಅದು ಅಲ್ಲಿಯ ಕಾನೂನು.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದೆ. ಅದರ 9ನೇ ಕಲಮಿನ ಪ್ರಕಾರ ಪಟ್ಟಿಯಲ್ಲಿರುವ ಕಾಡುಪ್ರಾಣಿಗಳ ಬೇಟೆ ನಿಷೇಧ. ಚುಕ್ಕೆ ಜಿಂಕೆ, ಕಡವೆ, ಕಾಡುಕುರಿ, ಕೊಂಡುಕುರಿ, ಕೃಷ್ಣಮೃಗ ಎಲ್ಲವೂ ಅದರಲ್ಲಿ ಸೇರಿವೆ. ಈ ಕೆಳಗಿನವುಗಳನ್ನು ಗಮನವಿಟ್ಟು ಓದಿ:

1. ಬೇಟೆ ಎಂದರೆ ಕೊಲ್ಲುವುದು ಮಾತ್ರವಲ್ಲ. ಉರುಳು ಹಾಕುವುದು, ಬಲೆ ಒಡ್ಡುವುದು, ವಿಷ ಇಡುವುದು, ಗಾಯ ಮಾಡುವುದು, ಇವುಗಳಿಗೆ ಪ್ರಯತ್ನ ಪಡುವುದು, ಎಲ್ಲವೂ ಕಾನೂನಿನ ಕಣ್ಣಲ್ಲಿ ಬೇಟೆಯೇ.

2. ನಮ್ಮ ಸ್ವಂತ ಹೊಲದೊಳಗೆ ಜಿಂಕೆ ಬಂದರೂ ಅದು ನಮ್ಮದಾಗುವುದಿಲ್ಲ. “ನಮ್ ಹೊಲ, ನಮ್ ಬೆಳೆ ತಿಂದದೆ” ಎಂಬ ಮಾತು ನ್ಯಾಯಾಲಯದಲ್ಲಿ ನಡೆಯುವುದಿಲ್ಲ.

3. ಮಾಂಸ ಇಟ್ಟುಕೊಂಡರೂ, ಕೊಂಡರೂ, ಹಂಚಿದರೂ ಅಪರಾಧ. ಉರುಳು ಹಾಕಿದವನ ಜೊತೆಗೆ ಸಾರು ಕುದಿಸಿದ ತಾಯಿಯ ಹೆಸರೂ ಮೊಕದ್ದಮೆಗೆ ಬರಬಹುದು.

4. ಶಿಕ್ಷೆ ಮೂರು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. 2022ರಲ್ಲಿ ತಿದ್ದುಪಡಿಯಾದ ಈ ಕಾನೂನು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ರಾಷ್ಟ್ರೀಯ ಉದ್ಯಾನ ಅಥವಾ ಅಭಯಾರಣ್ಯದೊಳಗೆ ಬೇಟೆಯಾಡಿದರೆ, ಅಥವಾ ಹುಲಿ, ಚಿರತೆ, ಆನೆಯಂಥ ಮೊದಲನೇ ಪಟ್ಟಿಯ ಪ್ರಾಣಿಯನ್ನು ಕೊಂದರೆ, ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು. ದಂಡ 25,000ಕ್ಕೆ ಕಡಿಮೆ ಇಲ್ಲ.

ಉರುಳಿಗೆ ಕಣ್ಣಿಲ್ಲ

ನಾಲ್ಕನೆಯ ಅಂಶವನ್ನು ಇನ್ನೊಮ್ಮೆ ಓದಿ. ಜಿಂಕೆಗೆ ಎಂದು ಹಾಕಿದ ಉರುಳಿಗೆ ಜಿಂಕೆಯೇ ಬೀಳುತ್ತದೆ ಎಂದು ಯಾರು ಹೇಳಿದರು? ಜಿಂಕೆ ನಡೆಯುವ ದಾರಿಯಲ್ಲೇ ಅದರ ಹಿಂದೆ ಚಿರತೆಯೂ ನಡೆಯುತ್ತದೆ, ಹುಲಿಯೂ ನಡೆಯುತ್ತದೆ. ಉರುಳಿಗೆ ಸಿಕ್ಕಿದ ಹುಲಿ ಸತ್ತರೆ ಏಳು ವರ್ಷದ ಶಿಕ್ಷೆಯವರೆಗೂ ಹೋಗಬಹುದು. ಸಾಯದೆ ಗಾಯಗೊಂಡು ತಪ್ಪಿಸಿಕೊಂಡರೆ ಇನ್ನೂ ಕಷ್ಟ. ಕಾಲು ಊನವಾದ ಹುಲಿ ಜಿಂಕೆಯನ್ನು ಓಡಿಸಿ ಹಿಡಿಯಲಾರದು. ಆಗ ಅದಕ್ಕೆ ಸುಲಭವಾಗಿ ಸಿಗುವುದು ನಮ್ಮ ದನ, ನಮ್ಮ ಮೇಕೆ, ಒಮ್ಮೊಮ್ಮೆ ನಾವೇ.

ತಂತಿಗೆ ನೇರವಾಗಿ ಕರೆಂಟು ಕೊಡುವುದು ಇದಕ್ಕಿಂತ ಘೋರ. ಅದು ವಿದ್ಯುತ್ ಕಳ್ಳತನವೂ ಹೌದು. ಅದಕ್ಕೆ ಆನೆಯೂ ಸಾಯುತ್ತದೆ, ಮುಂಜಾನೆ ನೀರು ಕಟ್ಟಲು ಹೋದ ಗಂಡನೂ ಸಾಯುತ್ತಾನೆ, ಹುಲ್ಲು ಕೊಯ್ಯಲು ಹೋದ ನೆರೆಮನೆಯವಳೂ ಸಾಯುತ್ತಾಳೆ. ಸೋಲಾರ್ ಬೇಲಿ ಬೇರೆ. ಅದರಲ್ಲಿ ಕರೆಂಟು ಬಿಟ್ಟು ಬಿಟ್ಟು, ಕ್ಷಣಮಾತ್ರ ಹರಿಯುವುದರಿಂದ ಜುಮ್ಮೆಂದು ಹೊಡೆದು ಹೆದರಿಸುತ್ತದೆ, ಸರಿಯಾಗಿ ಹಾಕಿದ್ದರೆ ಕೊಲ್ಲುವುದಿಲ್ಲ.

ಇನ್ನೊಂದು ಲೆಕ್ಕ. ಒಂದು ಹುಲಿಗೆ ಬದುಕಲು ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿಗಳು ಬೇಕು ಎನ್ನುತ್ತಾರೆ ಬಲ್ಲವರು. ಅಂದರೆ ವಾರಕ್ಕೆ ಒಂದು. ಕಾಡಂಚಿನ ಜಿಂಕೆಗಳನ್ನು ನಾವು ತಿಂದು ಮುಗಿಸಿದರೆ ಆ ವಾರದ ಊಟಕ್ಕೆ ಹುಲಿ ಎಲ್ಲಿಗೆ ಬರಬೇಕು? ನಮ್ಮ ಕೊಟ್ಟಿಗೆಗೇ ಅಲ್ಲವೇ? ಸಂಘದ ಸಾಲದಲ್ಲಿ ತಂದ ಹಸು ಕಟ್ಟಿರುವುದೂ ಅದೇ ಕೊಟ್ಟಿಗೆಯಲ್ಲಿ.

ಬೆಳೆ ನಷ್ಟ ಸುಳ್ಳಲ್ಲ

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಆ ಸೋದರಿಯ ಕಷ್ಟ ಸುಳ್ಳಾಗುವುದಿಲ್ಲ. ಕಪಿಲೆಯ ನಾಲೆ ನೀರು ಬರುವ ಗದ್ದೆಯವರಿಗಿಂತ ಮೇಲಣ ಮಳೆ ಹೊಲದವರಿಗೆ ಈ ಕಷ್ಟ ಹೆಚ್ಚು. ರಾಗಿ, ಹುರುಳಿ, ಅವರೆ, ಅಲಸಂದೆ, ಮುಸುಕಿನ ಜೋಳ ಯಾವುದನ್ನೂ ಬಿಡುವುದಿಲ್ಲ. ಬಿತ್ತಿದವಳೂ ನಾವೇ, ಕಳೆ ಕಿತ್ತವಳೂ ನಾವೇ. ಬೆಳೆ ಹೋದ ವರ್ಷ ಮೊದಲು ಕಡಿಮೆಯಾಗುವುದು ತಾಯಿಯ ತಟ್ಟೆಯ ಮುದ್ದೆ. “ಕಾಡುಪ್ರಾಣಿ ಉಳಿಸಿ” ಎಂದು ಪಟ್ಟಣದಲ್ಲಿ ಕುಳಿತು ಹೇಳುವುದು ಸುಲಭ. ಆ ಉಳಿಸುವಿಕೆಯ ಖರ್ಚು ಬೀಳುತ್ತಿರುವುದು ಕಾಡಂಚಿನ ಬಡವರ ಮೇಲೆ. ಇದನ್ನು ಒಪ್ಪಿಕೊಂಡೇ ಮುಂದಿನ ಮಾತು ಆಡಬೇಕು.

ಹಾಗಾದರೆ ಮೊದಲು ತಿಳಿಯಬೇಕಾದ್ದು: ತಿಂದದ್ದು ಯಾರು?

ನಮ್ಮ ಅಜ್ಜಿಯರು ಕ್ಯಾಮೆರಾ ಇಲ್ಲದೆ ಇದನ್ನು ಹೇಳುತ್ತಿದ್ದರು. ಗುರುತುಗಳು ಹೀಗಿವೆ:

ಜಿಂಕೆ: ಗೊರಸಿನ ಗುರುತು ಎರಡು ಸೀಳು, ಮುಂದೆ ಚೂಪು, ಮೇಕೆಯ ಹೆಜ್ಜೆಯಂತೆ. ಹಿಕ್ಕೆಯೂ ಮೇಕೆ ಹಿಕ್ಕೆಯಂತೆಯೇ ಇರುತ್ತದೆ. ಜಿಂಕೆಗೆ ಮೇಲ್ದವಡೆಯ ಮುಂದಿನ ಹಲ್ಲಿಲ್ಲ. ಹಾಗಾಗಿ ಕಚ್ಚಿ ಎಳೆಯುತ್ತದೆ. ಕುಡಿ ಕಿತ್ತ ಜಾಗ ಹರಿದಂತೆ ಕಾಣುತ್ತದೆ. ಗುಂಪಾಗಿ ಬಂದು ಎಳೆ ಎಲೆ, ಹೂವು, ಕುಡಿ ಮೇಯುತ್ತದೆ.

ಕಾಡುಹಂದಿ: ಹೆಜ್ಜೆ ಸ್ವಲ್ಪ ದುಂಡಗೆ, ಹಿಂದುಗಡೆ ಎರಡು ಚಿಕ್ಕ ಚುಕ್ಕೆಯಂತೆ ಹಿಂಗೊರಸಿನ ಗುರುತು. ನೆಲ ಉತ್ತಂತೆ ಅಗೆದಿರುತ್ತದೆ. ಗೆಡ್ಡೆ, ಬೇರು, ಕಡಲೆಕಾಯಿ ಹುಡುಕುತ್ತದೆ. ಜೋಳವನ್ನು ಬೀಳಿಸಿ ತಿನ್ನುತ್ತದೆ.

ಮುಳ್ಳುಹಂದಿ ಮತ್ತು ಮೊಲ: ಚಾಕುವಿನಲ್ಲಿ ಕೊಯ್ದಂತೆ ಓರೆಯಾಗಿ ಕತ್ತರಿಸಿರುತ್ತವೆ. ಮುಳ್ಳುಹಂದಿ ಬಂದಿದ್ದರೆ ಒಮ್ಮೊಮ್ಮೆ ಮುಳ್ಳು ಬಿದ್ದಿರುತ್ತದೆ.

ಆನೆ: ಹೇಳಬೇಕಾಗಿಲ್ಲ. ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು.

ಗುರುತು ಸಿಗದಿದ್ದರೆ ಒಂದು ಸುಲಭ ಉಪಾಯ ಮಾಡಿ. ಪ್ರಾಣಿ ನುಗ್ಗುವ ಕಂಡಿಯ ಹತ್ತಿರ ಬದುವಿನ ಮೇಲೆ ಒಂದು ಚಾಪೆಯಷ್ಟು ಜಾಗಕ್ಕೆ ಸಂಜೆ ಜರಡಿ ಹಿಡಿದ ನುಣ್ಣನೆ ಮಣ್ಣು ಅಥವಾ ಬೂದಿ ಹರಡಿ. ಬೆಳಿಗ್ಗೆ ಹೋಗಿ ಹೆಜ್ಜೆ ಓದಿ. ಮೂರು ನಾಲ್ಕು ದಿನ ಮಾಡಿದರೆ ಯಾರು, ಯಾವ ಕಡೆಯಿಂದ ಬರುತ್ತಾರೆ ಎಂಬುದು ತಿಳಿಯುತ್ತದೆ. ಖರ್ಚು ಒಂದು ರೂಪಾಯಿಯೂ ಇಲ್ಲ.

ಕ್ಯಾಮೆರಾ ಕಟ್ಟಲೇಬೇಕು ಎಂದರೆ

ಬೇಟೆಗಲ್ಲ, ಕಾವಲಿಗೆ ಮತ್ತು ಪರಿಹಾರದ ಸಾಕ್ಷಿಗೆ ಕ್ಯಾಮೆರಾ ಬೇಕು ಎಂದು ಹಲವರು ಸೇರಿ ತೀರ್ಮಾನಿಸಿದರೆ ಈ ನಿಯಮಗಳನ್ನು ಪಾಲಿಸಿ:

1. ಸ್ವಂತ ಹೊಲದಲ್ಲಿ ಮಾತ್ರ. ಕಾಡಿನೊಳಗೆ ಅನುಮತಿಯಿಲ್ಲದೆ ಕಾಲಿಡುವುದೂ ತಪ್ಪು, ಕ್ಯಾಮೆರಾ ಇಡುವುದೂ ತಪ್ಪು. ಹೊಲದಲ್ಲಿ ಇಡುವ ಮುನ್ನ ಅರಣ್ಯ ಇಲಾಖೆಯ ಗಾರ್ಡಿಗೆ ತಿಳಿಸಿ. ಮುಂದೆ ಅನುಮಾನ ಬರುವುದಿಲ್ಲ.

2. ಮೊಣಕಾಲಿನಿಂದ ಸೊಂಟದ ನಡುವಣ ಎತ್ತರದಲ್ಲಿ, ಅಲುಗಾಡದ ಗೂಟಕ್ಕೆ ಕಟ್ಟಿ. ಸಣ್ಣ ಗಿಡಕ್ಕೆ ಕಟ್ಟಿದರೆ ಗಾಳಿಗೆ ಅಲುಗಾಡಿ ಬರೀ ಸೊಪ್ಪಿನ ಚಿತ್ರ ತುಂಬಿಕೊಳ್ಳುತ್ತದೆ. ಎದುರಿನ ಹುಲ್ಲು ಸವರಿ.

3. ಮೂಡಲಿಗೂ ಪಡುವಲಿಗೂ ಮುಖ ಮಾಡಬೇಡಿ. ಹುಟ್ಟುವ, ಮುಳುಗುವ ಬಿಸಿಲು ನೇರ ಬಿದ್ದು ಚಿತ್ರ ಕೆಡುತ್ತದೆ. ಬಡಗಲು ಅಥವಾ ತೆಂಕಲಿಗೆ ತಿರುಗಿಸಿ.

4. ಪ್ರಾಣಿ ಬರುವ ದಾರಿಗೆ ಓರೆಯಾಗಿ ಇಡಿ. ಅಡ್ಡಲಾಗಿ ಇಟ್ಟರೆ ಬಾಲ ಮಾತ್ರ ಸಿಗುವ ಸಂಭವ ಹೆಚ್ಚು.

5. ದಿನಾಂಕ, ಗಂಟೆ ಸರಿ ಮಾಡಿ. ತಪ್ಪು ದಿನಾಂಕದ ಚಿತ್ರ ಸಾಕ್ಷಿಗೆ ಬರುವುದಿಲ್ಲ.

6. ಒಂದು ವಾರದ ಚಿತ್ರ ನೋಡಿ ಹೊತ್ತು ಗೊತ್ತು ಮಾಡಿಕೊಳ್ಳಿ. ರಾತ್ರಿ ಇಡೀ ಎಚ್ಚರ ಇರುವ ಬದಲು ಆ ಹೊತ್ತಿಗೆ ಸರಿಯಾಗಿ ಕಾವಲು ಕಾಯಬಹುದು. ನುಗ್ಗುವ ಕಂಡಿಯನ್ನು ಮುಳ್ಳು ಹಾಕಿ ಮುಚ್ಚಬಹುದು.

ಹೆಣ್ಣುಮಕ್ಕಳ ಮಾನ

ಈಗ ಆಗಲೇ ಹೇಳಿದ ಮಾತಿಗೆ ಬರೋಣ. ಇದು ಈ ಪಾಠದ ಅತಿ ಮುಖ್ಯ ಭಾಗ.

ಉತ್ತರಾಖಂಡ ರಾಜ್ಯದಲ್ಲಿ ಕಾರ್ಬೆಟ್ ಎಂಬ ಹುಲಿ ಕಾಡಿದೆ. ಅದರ ಸುತ್ತಲಿನ ಹಳ್ಳಿಗಳಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕ ತ್ರಿಶಾಂತ್ ಸಿಮ್ಲಾಯಿ ಅವರು 14 ತಿಂಗಳು ಇದ್ದು, 270 ಜನರನ್ನು ಮಾತನಾಡಿಸಿ ಅಧ್ಯಯನ ಮಾಡಿದರು. ಅದು 2024ರಲ್ಲಿ ಪ್ರಕಟವಾಯಿತು. ಪ್ರಾಣಿಗಳಿಗೆಂದು ಕಾಡಿನಲ್ಲಿ ಇಟ್ಟಿದ್ದ ಕ್ಯಾಮೆರಾದಲ್ಲಿ ಬಯಲಿಗೆ ಹೋಗಿದ್ದ ಒಬ್ಬ ಹೆಣ್ಣುಮಗಳ ಚಿತ್ರ ಬಿತ್ತು. ಆಕೆ ಬುದ್ಧಿ ಬೆಳವಣಿಗೆಯಲ್ಲಿ ಬೇರೆಯವರಂತಿರದ ಅಮಾಯಕಿ. ಆ ಚಿತ್ರ ಊರಿನ ಮೊಬೈಲ್‌ಗಳಲ್ಲೆಲ್ಲ ಓಡಾಡಿತು. ಸಿಟ್ಟಾದ ಊರಿನವರು ಹತ್ತಿರದ ಕ್ಯಾಮೆರಾಗಳನ್ನು ಒಡೆದು ಹಾಕಿದರು. ಆ ಹಳ್ಳಿಗಳ ಹೆಂಗಸರು ಸೌದೆಗೆ ಹೋದಾಗ ಗಟ್ಟಿಯಾಗಿ ಮಾತನಾಡುವುದನ್ನು, ಹಾಡುವುದನ್ನು ಕಡಿಮೆ ಮಾಡಿಬಿಟ್ಟರು ಎಂದೂ ಆ ಅಧ್ಯಯನ ಹೇಳುತ್ತದೆ. ಹಾಡು, ಮಾತು ಬರೀ ಹೊತ್ತು ಕಳೆಯಲು ಅಲ್ಲ. ಸದ್ದು ಕೇಳಿದರೆ ಪ್ರಾಣಿ ದೂರ ಹೋಗುತ್ತದೆ. ನಾಚಿ ಮೌನವಾದರೆ ಜೀವಕ್ಕೇ ಅಪಾಯ.

ಇದು ಎಲ್ಲೋ ದೂರದ ಕತೆ ಎಂದು ಬಿಡಬೇಡಿ. ನಮ್ಮ ಊರಲ್ಲೂ ಹೊಲದ ಬದಿಯಲ್ಲಿ ನಾವು ಸೀರೆ ಎತ್ತಿ ಕಟ್ಟಿ ನಾಟಿ ಹಾಕುತ್ತೇವೆ, ಮಗುವಿಗೆ ಹಾಲು ಕುಡಿಸುತ್ತೇವೆ, ನಾಲೆಯಲ್ಲಿ ಸ್ನಾನ ಮಾಡುತ್ತೇವೆ. ಹೆಣ್ಣಿನ ಖಾಸಗಿ ಹೊತ್ತಿನ ಚಿತ್ರ ತೆಗೆಯುವುದು, ಹಂಚುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಜೈಲು, ಜೊತೆಗೆ ದಂಡ.

ಆದ್ದರಿಂದ:

– ಕಾಲುದಾರಿ, ನೀರಿನ ಜಾಗ, ಬಟ್ಟೆ ಒಗೆಯುವ ಕಲ್ಲು, ಹೆಂಗಸರು ಹೋಗುವ ಪೊದೆ, ಇವುಗಳ ಕಡೆಗೆ ಕ್ಯಾಮೆರಾ ಮುಖ ಇರಬಾರದು.

– “ಇಲ್ಲಿ ಕ್ಯಾಮೆರಾ ಇದೆ” ಎಂದು ಎರಡೂ ಕಡೆ ಹಲಗೆ ಹಾಕಿ. ಓದು ಬಾರದವರಿಗೆ ಸಭೆಯಲ್ಲಿ ಬಾಯಿಮಾತಲ್ಲಿ ತಿಳಿಸಿ. ಹಗಲು ಆರಿಸಿ, ಕತ್ತಲಾದ ಮೇಲೆ ಹಾಕಿ.

– ಮೆಮೊರಿ ಕಾರ್ಡು ಯಾರೋ ಒಬ್ಬ ಹುಡುಗನ ಜೇಬಿನಲ್ಲಿ ಇರಕೂಡದು. ಸಂಘದ ಇಬ್ಬರು ಸದಸ್ಯೆಯರ ವಶದಲ್ಲಿ ಇರಲಿ. ಮನುಷ್ಯರ ಚಿತ್ರ ಬಿದ್ದಿದ್ದರೆ ಅಲ್ಲೇ ಅಳಿಸಿ. ವಾಟ್ಸಾಪ್‌ಗೆ ಹಾಕಲೇಬಾರದು.

– ಅರಣ್ಯ ಇಲಾಖೆಯ ಕ್ಯಾಮೆರಾ ನಾವು ಓಡಾಡುವ ಜಾಗದಲ್ಲಿ ಇದ್ದರೆ ಒಡೆಯಬೇಡಿ, ತಿರುಗಿಸಬೇಡಿ. ಸಂಘದ ಲೆಟರ್‌ಹೆಡ್‌ನಲ್ಲಿ ವಲಯ ಅರಣ್ಯಾಧಿಕಾರಿಗೆ ಅರ್ಜಿ ಬರೆದು, ಪಂಚಾಯಿತಿಗೂ ಒಂದು ಪ್ರತಿ ಕೊಟ್ಟು, ಸ್ವೀಕೃತಿ ಪಡೆಯಿರಿ. “ಇಲ್ಲಿ ನಮ್ಮ ಹೆಣ್ಣುಮಕ್ಕಳು ಓಡಾಡುತ್ತಾರೆ, ದಯವಿಟ್ಟು ಜಾಗ ಬದಲಿಸಿ” ಎಂದು ಕೇಳುವುದು ನಮ್ಮ ಹಕ್ಕು.

ಪರಿಹಾರ ಕೇಳುವುದು ಭಿಕ್ಷೆಯಲ್ಲ

ಕಾಡುಪ್ರಾಣಿಯಿಂದ ಬೆಳೆ ಹೋದರೆ, ದನ ಸತ್ತರೆ, ಮನುಷ್ಯರಿಗೆ ಗಾಯವಾದರೆ ಅಥವಾ ಜೀವ ಹೋದರೆ ಸರ್ಕಾರ ಪರಿಹಾರ ಧನ ಕೊಡುತ್ತದೆ. ಯಾವ ಪ್ರಾಣಿ, ಯಾವ ಬೆಳೆಗೆ ಎಷ್ಟು ಎಂಬ ದರವನ್ನು ಸರ್ಕಾರ ಆಗಾಗ ಬದಲಿಸುವುದರಿಂದ ವಲಯ ಅರಣ್ಯ ಕಚೇರಿಯಲ್ಲಿ ಕೇಳಿ ಸಂಘದ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಕ್ರಮ ಹೀಗೆ:

1. ನಷ್ಟ ಕಂಡ ದಿನವೇ ತಿಳಿಸಿ. ಅರಣ್ಯ ಇಲಾಖೆಯ ಸಹಾಯವಾಣಿ 1926.

2. ಸಿಬ್ಬಂದಿ ಬಂದು ನೋಡಿ ಮಹಜರು ಬರೆಯುವವರೆಗೆ ಹಾಳಾದ ಪೈರನ್ನು ಕೊಯ್ಯಬೇಡಿ, ಉಳಬೇಡಿ. ಹೆಜ್ಜೆ ಗುರುತನ್ನು ಬಾಂಡ್ಲಿ ಮುಚ್ಚಿ ಕಾಪಾಡಿ.

3. ಮೊಬೈಲ್‌ನಲ್ಲಿ ಹೊಲ, ಹೆಜ್ಜೆ, ತಿಂದ ಗಿಡ ಮೂರರ ಚಿತ್ರ ತೆಗೆಯಿರಿ.

4. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಪುಸ್ತಕದ ನಕಲು ಕೊಡಿ. ಕೊಟ್ಟದ್ದಕ್ಕೆ ಸ್ವೀಕೃತಿ ಕೇಳಿ.

ಬಂಡೀಪುರ, ನಾಗರಹೊಳೆ ಸುತ್ತಲಿನ ಹಳ್ಳಿಗಳ ಜನರಿಗೆ ಅರ್ಜಿ ತುಂಬಲು ನೆರವಾಗಲೆಂದು ವನ್ಯಜೀವಿ ಅಧ್ಯಯನ ಕೇಂದ್ರದವರು 2015ರಲ್ಲಿ ‘ವೈಲ್ಡ್ ಸೇವೆ’ ಎಂಬ ಕಾರ್ಯಕ್ರಮ ಆರಂಭಿಸಿದರು. ನಿಮ್ಮ ಊರಿಗೆ ಅವರ ನೆರವು ಸಿಗುವುದೇ ಎಂದು ವಿಚಾರಿಸಿ.

ಇಲ್ಲಿ ನಮ್ಮ ಒಂದು ತೊಡಕಿದೆ. ಪಹಣಿ ಎಷ್ಟೋ ಮನೆಯಲ್ಲಿ ಮಾವನ ಹೆಸರಿನಲ್ಲಿ, ಕೆಲವು ಕಡೆ ತೀರಿಕೊಂಡವರ ಹೆಸರಿನಲ್ಲೇ ಇರುತ್ತದೆ. ವಾರಕ್ಕೆ ಮಾಡುವವರಿಗೆ ಕಾಗದವೇ ಇರುವುದಿಲ್ಲ. ದುಡಿದವಳು ಒಬ್ಬಳು, ಹೆಸರು ಇನ್ನೊಬ್ಬರದು. ಆದ್ದರಿಂದ ಬೆಳೆ ಹಾಳಾಗುವ ಮುಂಚೆಯೇ ಖಾತೆ ಬದಲಾವಣೆಗೆ ನಾಡಕಚೇರಿಯಲ್ಲಿ ಅರ್ಜಿ ಕೊಡಿ. ವಾರಕ್ಕೆ ಮಾಡುವವರು ಜಮೀನಿನವರೊಂದಿಗೆ ಪರಿಹಾರ ಬಂದರೆ ಹೇಗೆ ಹಂಚಿಕೊಳ್ಳುವುದೆಂದು ನಾಲ್ಕು ಜನರ ಎದುರು ಮೊದಲೇ ಮಾತಾಡಿಕೊಳ್ಳಿ.

ಗುಬ್ಬಿಯೊ ಊರಿನ ತೋಳ

ಅಸಿಸಿಯ ಸಂತ ಫ್ರಾನ್ಸಿಸರ ಬಗ್ಗೆ ಹಳೆಯ ಕತೆಯೊಂದಿದೆ. ಇಟಲಿಯ ಗುಬ್ಬಿಯೊ ಎಂಬ ಊರಿಗೆ ಒಂದು ತೋಳ ಕಾಟ ಕೊಡುತ್ತಿತ್ತು. ದನವನ್ನೂ ತಿಂದಿತು, ಜನರನ್ನೂ ತಿಂದಿತು. ಸಂತರು ಹೋಗಿ ತೋಳವನ್ನು ಮಾತನಾಡಿಸಿದರು. “ನೀನು ಹಸಿವಿನಿಂದ ಹೀಗೆ ಮಾಡಿದೆ” ಎಂದರು. ಇನ್ನು ಮೇಲೆ ಊರಿನವರು ಮನೆಮನೆಯಿಂದ ತೋಳಕ್ಕೆ ಊಟ ಕೊಡುವುದು, ತೋಳ ಯಾರನ್ನೂ ಮುಟ್ಟದಿರುವುದು ಎಂದು ಒಪ್ಪಂದ ಮಾಡಿಸಿದರು.

ಈ ಕತೆಯಲ್ಲಿ ನಾವು ಗಮನಿಸಬೇಕಾದ್ದು ಒಂದಿದೆ. ತೋಳದ ಊಟದ ಖರ್ಚನ್ನು ಒಂದು ಮನೆಯ ಮೇಲೆ ಹಾಕಲಿಲ್ಲ. ಇಡೀ ಊರು ಹಂಚಿಕೊಂಡಿತು. ಪೋಪ್ ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ಎಂಬ ವಿಶ್ವಪತ್ರದಲ್ಲೂ ಭೂಮಿಯ ಅಳಲು ಬೇರೆ, ಬಡವರ ಅಳಲು ಬೇರೆ ಅಲ್ಲ ಎಂಬ ಅರ್ಥದ ಬೋಧನೆ ಇದೆ. ನಮ್ಮ ನಾಡಿನಲ್ಲಿ ಮಲೆ ಮಹದೇಶ್ವರರು ಹುಲಿಯ ಮೇಲೇ ಕುಳಿತಿದ್ದಾರೆ. ಯಾವ ಮತದವರಾದರೂ ನಮ್ಮ ಹಿರಿಯರು ಕಾಡಿನ ಜೀವವನ್ನು ಕೇವಲ ಬಾಡು ಎಂದು ನೋಡಲಿಲ್ಲ.

ಹಂಚಿಕೊಳ್ಳುವುದು ಎಂದರೆ ನಮ್ಮ ಸಂಘದಲ್ಲಿ ಏನು? ಒಂದೇ ಬಯಲಿನಲ್ಲಿ ಹೊಲ ಇರುವವರು ಸರದಿ ಕಾವಲು ಮಾಡಬಹುದು. ಒಬ್ಬೊಬ್ಬರ ಹೊಲಕ್ಕೆ ಸುತ್ತ ಬೇಲಿ ಹಾಕುವ ಬದಲು ಇಡೀ ಬಯಲಿನ ಕಾಡಿನ ಕಡೆಗೆ ಒಂದೇ ಬೇಲಿ ಹಾಕಿದರೆ ಖರ್ಚು ಕಡಿಮೆ. ಸೋಲಾರ್ ಬೇಲಿಗೆ ಸಹಾಯಧನ ಸಿಗುವುದೇ ಎಂದು ಅರಣ್ಯ ಕಚೇರಿಯಲ್ಲಿ ಒಟ್ಟಾಗಿ ವಿಚಾರಿಸಬಹುದು. ಅಂಚಿನ ನಾಲ್ಕು ಸಾಲಿಗೆ ಜಿಂಕೆ ಅಷ್ಟಾಗಿ ಮುಟ್ಟದ ಮೆಣಸಿನಕಾಯಿ, ಹರಳು ಹಾಕಬಹುದು. ಹಳೆ ಸೀರೆ ಕಟ್ಟುವುದರಿಂದಲೂ ಸ್ವಲ್ಪ ದಿನ ಹೆದರುತ್ತವೆ, ಜಾಗ ಬದಲಿಸುತ್ತಿರಬೇಕು. ಕಾವಲಿಗೆ ಹೆಂಗಸರು ಒಬ್ಬರೇ ಹೋಗಬಾರದು, ನೆಲದ ಮೇಲೆ ಮಲಗಬಾರದು, ಟಾರ್ಚು ಮರೆಯಬಾರದು. ಬಗ್ಗಿ ಕುಳಿತವರನ್ನು ಚಿರತೆ ಸಣ್ಣ ಪ್ರಾಣಿ ಎಂದು ತಿಳಿಯುವುದುಂಟು.

ಆ ಸಾಲದ ಅರ್ಜಿ

ಈಗ ಮತ್ತೆ ಸಭೆಗೆ ಬರೋಣ. ಎಂಟು ಸಾವಿರ ಸಾಲ, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ, ಹತ್ತು ಕಂತು ಎಂದಿಟ್ಟುಕೊಳ್ಳೋಣ. ತಿಂಗಳಿಗೆ 800 ಅಸಲು. ಉಳಿದ ಅಸಲಿನ ಮೇಲೆ ಬಡ್ಡಿ ಹಾಕಿದರೆ ಮೊದಲ ತಿಂಗಳು 160, ಕೊನೆಯ ತಿಂಗಳು 16. ಒಟ್ಟು ಬಡ್ಡಿ 880. ಅಂದರೆ ತೀರಿಸಬೇಕಾದ್ದು 8,880 ರೂಪಾಯಿ. ಇದು ಪುಸ್ತಕದ ಲೆಕ್ಕ.

ಪುಸ್ತಕದಲ್ಲಿ ಬರೆಯದ ಲೆಕ್ಕ ಬೇರೆ ಇದೆ. ಉರುಳು ಹಾಕಿ ಮಗ ಸಿಕ್ಕಿಬಿದ್ದರೆ ವಕೀಲರ ಖರ್ಚು, ಜಾಮೀನು, ಕೋರ್ಟಿಗೆ ಅಲೆದಾಟ, ಹುಡುಗನ ಕೆಲಸ, ಮದುವೆ. ತಾಯಿ ಕಂತು ಕಟ್ಟಲಾಗದೆ ಸಭೆಗೆ ಬರುವುದನ್ನೇ ಬಿಡುತ್ತಾಳೆ. ಬೇಟೆಗೆ ಎಂದು ಗೊತ್ತಿದ್ದೂ ಸಾಲ ಕೊಟ್ಟರೆ ಆ ಪಾಪದಲ್ಲಿ ಸಂಘಕ್ಕೂ ಪಾಲು.

ಹಾಗಾದರೆ “ಇಲ್ಲ ಕಣವ್ವ, ಕೊಡಾಕಾಗಲ್ಲ” ಎಂದು ಹೇಳಿ ಮುಂದಿನ ಅರ್ಜಿಗೆ ಹೋಗಬೇಕೆ? ಅದೂ ಸರಿಯಲ್ಲ. ಆಕೆಯ ಹೊಲ ಹಾಗೆಯೇ ಹಾಳಾಗಿ ಬಿದ್ದಿದೆ. ಸಂಘ ಹೇಳಬೇಕಾದ ಮಾತು ಹೀಗಿರಲಿ:

“ಉರುಳಿಗೆ ದುಡ್ಡು ಇಲ್ಲ ಕಣವ್ವ. ಆದ್ರೆ ನಾಳೆ ಬೆಳಿಗ್ಗೆ ನಾವಿಬ್ರು ನಿನ್ ಹೊಲಕ್ಕೆ ಬತ್ತೀವಿ. ಹೆಜ್ಜೆ ನೋಡಾಣ, ಪೋಟೋ ತೆಗ್ಯಾಣ, 1926ಕ್ಕೆ ಪೋನ್ ಮಾಡಾಣ. ಪಹಣಿ ತೆಗ್ದಿಟ್ಟಿರು. ಮತ್ತೆ ಬಿತ್ತಾಕೆ ಬೀಜಕ್ಕೆ ಬೇಕಾದ್ರೆ ಸಾಲ ಈವತ್ತೇ ಬರ್ಕೊಳಾಣ. ನಿನ್ ಮಗನ್ನೂ ಕರ್ಕೊಂಡ್ ಬಾ. ಮೊಬೈಲ್ ಬಲ್ಲ ಹೈದ, ಅರ್ಜಿ ತುಂಬಾಕೆ ಅವ್ನೇ ಬೇಕು.”

ಹುಡುಗನ ಜಾಣತನವನ್ನು ಬೈದು ಓಡಿಸಬೇಡಿ. ಅದನ್ನು ಒಳ್ಳೆಯ ಕೆಲಸಕ್ಕೆ ತಿರುಗಿಸಿ.

ಚರ್ಚೆಗೆ ಪ್ರಶ್ನೆಗಳು

1. ಕಳೆದ ವರ್ಷ ನಮ್ಮ ಸಂಘದ ಎಷ್ಟು ಸದಸ್ಯೆಯರ ಬೆಳೆ ಕಾಡುಪ್ರಾಣಿಯಿಂದ ಹಾಳಾಯಿತು? ಎಷ್ಟು ಜನ ಪರಿಹಾರಕ್ಕೆ ಅರ್ಜಿ ಕೊಟ್ಟರು? ಕೊಡದವರು ಏಕೆ ಕೊಡಲಿಲ್ಲ?

2. ನಮ್ಮಲ್ಲಿ ಎಷ್ಟು ಜನರ ಹೆಸರಿನಲ್ಲಿ ಪಹಣಿ ಇದೆ?

3. ನಮ್ಮ ಊರಿನ ಸುತ್ತ ಎಲ್ಲಿ ಕ್ಯಾಮೆರಾ ಇದೆ? ಅದು ಯಾರದು? ಹೆಂಗಸರು ಓಡಾಡುವ ಜಾಗಕ್ಕೆ ಅದರ ಮುಖ ಇದೆಯೇ?

4. ಬೇಟೆ ಮಾಂಸ ಮನೆಗೆ ಬಂದರೆ ತಾಯಿ, ಹೆಂಡತಿ, ಅಕ್ಕ ಆಗಿ ನಾವೇನು ಮಾಡುತ್ತೇವೆ? ಮನಸ್ಸು ಬಿಚ್ಚಿ ಮಾತಾಡಿ.

ಈ ತಿಂಗಳ ಕೆಲಸ

ಪ್ರತಿ ಸಂಘ ಇಬ್ಬರನ್ನು ಆರಿಸಿ ವಲಯ ಅರಣ್ಯ ಕಚೇರಿಗೆ ಕಳಿಸಿ, ಪರಿಹಾರದ ದರಪಟ್ಟಿ ಮತ್ತು ಅರ್ಜಿ ನಮೂನೆ ತರಿಸಿ. ಅದನ್ನು ಸಭೆಯಲ್ಲಿ ಓದಿ ನಡವಳಿಯಲ್ಲಿ ದಾಖಲಿಸಿ. ಒಂದು ಸಂಜೆ ಯಾರದಾದರೂ ಹೊಲದ ಬದುವಿಗೆ ಎಲ್ಲರೂ ಸೇರಿ ಹೋಗಿ ನುಣ್ಣನೆ ಮಣ್ಣು ಹರಡಿ. ಬೆಳಿಗ್ಗೆ ಮಕ್ಕಳನ್ನೂ ಕರೆದುಕೊಂಡು ಹೋಗಿ ಯಾರು ಬಂದಿದ್ದರು ಎಂದು ಓದಿ. ಮುಂದಿನ ಸಭೆಗೆ ಬಂದಾಗ ಏನೇನು ಹೆಜ್ಜೆ ಸಿಕ್ಕಿತು ಎಂಬುದನ್ನು ಪ್ರೇರಕಿಗೆ ತಿಳಿಸಿ.